ನಕ್ಷೆ ಬರೆಯುವಾಗಲೇ ಕಟ್ಟೋನನ್ನ ಕೂರಿಸಿದ್ರೆ? ಸೇತುವೆ, ಕಾಲುವೆ, ರಸ್ತೆ ಕೆಲಸದ ಅನುಭವ ಇದ್ದೋರು ಬರೀರಿ

ಹಳ್ಳದ ದಂಡೆ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಸೈಟ್ ಇಂಜಿನಿಯರ್ ಆಗಿದ್ದೆ. ಈಗ ಆರು ವರ್ಷದಿಂದ ಬಾಗಲಕೋಟೆ, ವಿಜಯಪುರ ಕಡೆ ಸಣ್ಣ ಪ್ರಮಾಣದಲ್ಲಿ ಸರ್ಕಾರಿ ಗುತ್ತಿಗೆ ಮಾಡ್ತಿದ್ದೀನಿ. ಹೋದ ವಾರ ಒಂದು ಹಳ್ಳದ ಸೇತುವೆಯ ಫೈನಲ್ ಬಿಲ್ ಬರೆಸಿದೆ. ಹದಿನೈದು ತಿಂಗಳಲ್ಲಿ ಮುಗೀಬೇಕಿದ್ದ ಕೆಲಸ ಮೂರು ವರ್ಷ ಎಳೀತು. ಯಾರ ಮೇಲೂ ದೂರು ಹೇಳೋಕೆ ಬರೀತಿಲ್ಲ. ಅದಕ್ಕೇ ಊರು, ಇಲಾಖೆ ಯಾವುದೂ ಹೆಸರಿಸಿಲ್ಲ. ಆದರೆ ಎಲ್ಲಿ ಎಡವಿದೆವು ಅಂತ ಹೇಳದಿದ್ರೆ ಮುಂದಿನ ಸೇತುವೆಯಲ್ಲೂ ಅಲ್ಲೇ ಎಡವ್ತೀವಿ.

ನಕ್ಷೆಯಲ್ಲಿ ನಾಲ್ಕು ಪಿಯರ್, ಅಂದ್ರೆ ಸೇತುವೆ ಹೊರೋ ಕಂಬ. ನಾಲ್ಕಕ್ಕೂ ಓಪನ್ ಫೌಂಡೇಶನ್ (ಗುಂಡಿ ತೋಡಿ ಗಟ್ಟಿ ನೆಲದ ಮೇಲೇ ಕೂರಿಸೋ ಪಾಯ), ಮೂರು ಮೀಟರಿಗೆ ಗಟ್ಟಿ ಬಂಡೆ ಅಂತ ಬರೆದಿತ್ತು. ಟ್ರಯಲ್ ಪಿಟ್ (ಮಣ್ಣು ನೋಡೋಕೆ ತೋಡೋ ಗುಂಡಿ) ತೆಗೆದಿದ್ದು ಎರಡು, ಎರಡೂ ದಂಡೆ ಮೇಲೆ. ಹಳ್ಳದ ನಡುವೆ ಒಂದೂ ಇಲ್ಲ. ಎರಡನೇ ಪಿಯರ್ ಗುಂಡಿ ತೋಡಿದಾಗ ಮೂರು ಮೀಟರಿಗೆ ಸಿಕ್ಕಿದ್ದು ಎರೆಮಣ್ಣು. ಹಿಟಾಚಿ ಆಪರೇಟರ್ ಒಂದು ಬಕೆಟ್ ಎತ್ತಿ ನನ್ನ ಕಾಲ ಹತ್ರ ಸುರಿದ. ಒದ್ದೆ ಮಣ್ಣು ಅಂಗೈಯಲ್ಲಿ ಸಾಬೂನಿನಂಗೆ ಜಾರ್ತಿತ್ತು, ಅದರೊಳಗೆ ತೆಂಗಿನಕಾಯಿ ಗಾತ್ರದ ನುಣುಪು ಗುಂಡುಕಲ್ಲು. "ಸಾಹೇಬ್ರ, ಹಳ್ಳ ಮೊದಲ ಇಲ್ಲೇ ಹರೀತಿತ್ತು. ಇಲ್ಲಿ ಕಲ್ಲು ಹತ್ತಂಗಿಲ್ಲ" ಅಂದ. ಆರು ಮೀಟರ್ ಇಳಿದ್ರೂ ಹತ್ತಲಿಲ್ಲ.

ಕೆಲಸ ನಿಲ್ಲಿಸಿ ಪತ್ರ ಬರೆದೆ. ಪತ್ರ ಕನ್ಸಲ್ಟೆಂಟ್‌ಗೆ ಹೋಯ್ತು. ಹೊಸದಾಗಿ ಬೋರ್ ಹಾಕಿಸಿ, ಪೈಲ್ (ಆಳಕ್ಕೆ ಇಳಿಸೋ ಕಂಬದ ಪಾಯ) ಡಿಸೈನ್ ಮಾಡಿ, ಎಕ್ಸ್‌ಟ್ರಾ ಐಟಂ (ಟೆಂಡರಿನಲ್ಲಿ ಇಲ್ಲದ ಕೆಲಸ) ದರ ಕಟ್ಟಿ, ರಿವೈಸ್ಡ್ ಎಸ್ಟಿಮೇಟ್ ಮೇಲಕ್ಕೆ ಹೋಗಿ ಮಂಜೂರಾಗಿ ಬರೋಕೆ ಹನ್ನೊಂದು ತಿಂಗಳು. ಅಷ್ಟರಲ್ಲಿ ಒಂದು ಮಳೆಗಾಲ ಪೂರ್ತಿ ಹೋಯ್ತು, ತೋಡಿದ ಗುಂಡಿ ಹೂಳು ತುಂಬ್ಕೊಂಡ್ತು, ಕಟ್ಟಿದ ಕಬ್ಬಿಣದ ಪಂಜರ ತುಕ್ಕು ಹಿಡೀತು, ಸೆಂಟ್ರಿಂಗ್ ಗ್ಯಾಂಗ್ ಗೋವಾಕ್ಕೆ ಹೋಯ್ತು. ಆಚೆ ದಂಡೆಯ ಹುಡುಗರು ಮೂರು ಮಳೆಗಾಲ ಹೈಸ್ಕೂಲಿಗೆ ಏಳು ಕಿಲೋಮೀಟರ್ ಸುತ್ತಿ ಹೋದ್ರು. ಅವರ ಮುಖ ನೋಡೋಕೆ ನನಗೆ ಆಗ್ತಿರಲಿಲ್ಲ.

ಇನ್ನೊಂದು ಅದೇ ಸೇತುವೆಯದ್ದು. ಪಿಯರ್ ಕ್ಯಾಪ್‌ನಲ್ಲಿ 32 ಎಂಎಂ ರಾಡ್‌ಗಳ ಲ್ಯಾಪ್ (ಎರಡು ರಾಡ್ ಒಂದರ ಪಕ್ಕ ಒಂದು ಸೇರೋ ಭಾಗ) ಎಲ್ಲಾ ಒಂದೇ ಜಾಗಕ್ಕೆ ಬಂದಿತ್ತು. ಲೆಕ್ಕದ ಪ್ರಕಾರ ತಪ್ಪಿಲ್ಲ. ಆದರೆ 60 ಎಂಎಂ ನೀಡಲ್ ವೈಬ್ರೇಟರ್ ಒಳಗೆ ಇಳೀಲಿಲ್ಲ, 40ರದ್ದು ಅರ್ಧಕ್ಕೆ ಸಿಕ್ಕಾಕ್ಕೊಂಡ್ತು. ಕಾಂಕ್ರೀಟ್ ಕೆಳಗೆ ಇಳಿಯದೆ, ಒಳಗೆ ಪೊಳ್ಳು ಉಳಿದು ಹನಿಕೋಂಬ್ ಆಗೋದು ಇಂಥಲ್ಲೇ. ಬಾರ್ ಬೆಂಡಿಂಗ್ ಮಾಡೋ ಮೇಸ್ತ್ರಿ ಆ ಡ್ರಾಯಿಂಗ್ ನೋಡಿದ ಕೂಡಲೇ, "ಇದರಾಗ ಮಾಲು ಹೋಗಂಗಿಲ್ರಿ" ಅಂದಿದ್ದ. ಅವನ ಮಾತು ಟೆಂಡರ್ ಮುಗಿದು ಎಂಟು ತಿಂಗಳಾದ ಮೇಲೆ ಕೇಳಿಸಿಕೊಂಡೆವು.

ನನ್ನ ಪ್ರಶ್ನೆ ಇಷ್ಟು. ಸೇತುವೆ ಕಟ್ಟೋನಿಗೆ ಗೊತ್ತಿರೋದನ್ನ ಡಿಪಿಆರ್ (ವಿವರವಾದ ಯೋಜನಾ ವರದಿ) ಹಂತದಲ್ಲೇ ಯಾಕೆ ಕೇಳಬಾರದು? ಬೇರೆ ದೇಶಗಳಲ್ಲಿ ಇದಕ್ಕೆ ಕಾಯಂ ಪದ್ಧತಿಯೇ ಇದೆ ಅಂತ ಓದಿದ್ದೀನಿ. ನಮ್ಮಲ್ಲಿ ಆಗದಿದ್ರೆ ಯಾವ ಕಾರಣಕ್ಕೆ ಆಗಲ್ಲ?

ನಿವೃತ್ತ ಎಇಇ, ವಿಜಯಪುರ

ನಿಮ್ಮ ಅನುಭವ ಓದಿ ಬೇಸರವಾಯಿತು. ಆಶ್ಚರ್ಯವಾಗಲಿಲ್ಲ. ಮೂವತ್ತೊಂದು ವರ್ಷ ಸೇವೆಯಲ್ಲಿ ಇಂಥವು ಬಹಳ ನೋಡಿದ್ದೇನೆ. ಆದರೂ ಇಲಾಖೆಯೊಳಗಿನ ತೊಡಕು ನಿಮಗೆ ತಿಳಿದಿರಬೇಕು.

ಮೊದಲು ಆಡಳಿತಾತ್ಮಕ ಅನುಮೋದನೆ, ನಂತರ ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರ್. ಗುತ್ತಿಗೆದಾರ ಎಂಬ ವ್ಯಕ್ತಿ ಕಾನೂನಿನ ಕಣ್ಣಿಗೆ ಬೀಳುವುದೇ ಮೂರನೇ ಹಂತದಲ್ಲಿ. 1999ರ ಕೆಟಿಪಿಪಿ ಕಾಯ್ದೆ (ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ) ಬಂದದ್ದೇ ಸರ್ಕಾರಿ ಕೆಲಸವನ್ನು ಬೇಕಾದವರಿಗೆ ಹಂಚುವುದನ್ನು ತಡೆಯಲು. ಟೆಂಡರ್ ಇಲ್ಲದೆ ಕೆಲಸ ಕೊಡಬೇಕಾದರೆ ಆ ಕಾಯ್ದೆಯ ಕಲಂ 4(ಜಿ) ವಿನಾಯಿತಿ ಬೇಕು, ಅದಕ್ಕೆ ಪ್ರತಿ ಸಲ ಪತ್ರಿಕೆಗಳಲ್ಲಿ ಗದ್ದಲ. ಹೀಗಿರುವಾಗ ಒಬ್ಬ ಗುತ್ತಿಗೆದಾರನನ್ನು ಕರೆದು ನಕ್ಷೆಯ ಮುಂದೆ ಕೂರಿಸಿದರೆ, ಆಡಿಟ್‌ನವರು ಮೊದಲು ಕೇಳುವುದು "ಇವರನ್ನೇ ಯಾಕೆ ಕರೆದಿರಿ?" ಎಂದು. ಸಹಿ ಹಾಕಿದ ಇಂಜಿನಿಯರ್ ನಿವೃತ್ತಿಯಾದ ಮೇಲೂ ಉತ್ತರ ಕೊಡುತ್ತಿರಬೇಕು.

ಇನ್ನೊಂದು ವಿಷಯ ನಿಮಗೇ ಅಪಾಯ. ವಿನ್ಯಾಸದಲ್ಲಿ ಸಲಹೆ ಕೊಟ್ಟವರು ಅದೇ ಕೆಲಸದ ಟೆಂಡರ್ ಹಾಕುವಂತಿಲ್ಲ ಎಂಬ ಹಿತಾಸಕ್ತಿ ಷರತ್ತು ಟೆಂಡರ್ ದಾಖಲೆಗಳಲ್ಲಿ ಸಾಮಾನ್ಯ. ಮೊದಲೇ ಬಾಯಿ ಬಿಟ್ಟವನು ಕೆಲಸದಿಂದಲೇ ಹೊರಗುಳಿಯಬಹುದು.

ಪ್ರೀ-ಬಿಡ್ ಮೀಟಿಂಗ್ (ಟೆಂಡರ್ ಹಾಕುವ ಮೊದಲಿನ ಸಭೆ) ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಆ ಹೊತ್ತಿಗೆ ಎಸ್ಟಿಮೇಟ್ ಮಂಜೂರಾಗಿರುತ್ತದೆ. ಫೌಂಡೇಶನ್ ಬದಲಿಸಬೇಕೆಂದರೆ ಕಡತ ಮತ್ತೆ ಮೊದಲಿಂದ ಹತ್ತಬೇಕು. ಹಾಗಾಗಿ ನಿಮ್ಮ ಪ್ರಶ್ನೆ ಎಷ್ಟೇ ಒಳ್ಳೆಯದಿದ್ದರೂ ಉತ್ತರದ ಕಾಲಂನಲ್ಲಿ "ಟೆಂಡರ್ ಷರತ್ತಿನಂತೆ" ಎಂದು ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಅದರ ಬಗ್ಗೆ ನನಗೆ ಈಗಲೂ ಸಮಾಧಾನವಿಲ್ಲ.

ಕಬ್ಬಿನ ಹೊಲ, ಜಮಖಂಡಿ

ನಾ ಇಂಜಿನಿಯರ್ ಅಲ್ರಿ, ರೈತ. ಆದ್ರ ಒಂದ್ ಮಾತು. ನಮ್ಮ ಊರ ಹಂತ್ಯಾಕ ಸಣ್ಣ ಸೇತುವೆ ಕೆಲಸ ನಡದಾಗ ಬಾಜೂಕ ಡೈವರ್ಶನ್ ರಸ್ತಾ ಮಾಡಿದ್ರು. ಕಾರ್, ಬಸ್ ಎಲ್ಲಾ ಹೊಂಟ್ವು. ನವೆಂಬರ್‌ನ್ಯಾಗ ಕಾರ್ಖಾನಿ ಚಾಲೂ ಆತು. ಎರಡು ಟ್ರೇಲರ್ ಜೋಡಿಸಿದ ಕಬ್ಬಿನ ಟ್ರ್ಯಾಕ್ಟರ್ ಆ ತಿರುವಿನ್ಯಾಗ ತಿರುಗಲೇ ಇಲ್ಲ. ಹಿಂದಿನ ಟ್ರೇಲರ್ ತೆಗ್ಗಿನ್ಯಾಗ ಇಳೀತು, ಕಬ್ಬೆಲ್ಲಾ ಹಳ್ಳಕ್ಕ. ಆಮ್ಯಾಲ ಮತ್ತ ಮುರುಮ್ ಹಾಕಿ ಅಗಲ ಮಾಡಿದ್ರು. ಮೊದಲ ಊರಾಗ ಯಾರ್ನರೆ ಒಬ್ಬನ್ನ ಕೇಳಿದ್ರ ಹೇಳ್ತಿದ್ವಿ.

1989ರಾಗ ಚಿಕ್ಕಪಡಸಲಗಿ ಬ್ಯಾರೇಜ್ ಹ್ಯಾಂಗ ಆತು ನೆನಪು ಮಾಡ್ಕೋರಿ. ಸಿದ್ದು ನ್ಯಾಮಗೌಡರು ಮುಂದ ನಿಂತ್ರು, ರೈತರು ರೊಕ್ಕ ಹಾಕಿದ್ರು, ಮೈಮುರದು ದುಡದ್ರು, ಕೃಷ್ಣಾ ಹೊಳಿಗೆ ಒಡ್ಡು ನಿಂತಿತು. ಶ್ರಮಬಿಂದು ಸಾಗರ ಅಂತ ಹೆಸರು ಸುಮ್ನ ಬಂದಿಲ್ಲ. ಅಲ್ಲಿ ನೀರು ಬೇಕಾದಾವ, ಕಲ್ಲು ಹೊತ್ತಾವ, ಲೆಕ್ಕ ಬರದಾವ ಎಲ್ಲಾ ಒಂದ ದಂಡಿ ಮ್ಯಾಲ ಕುಂತಿದ್ರು.

ಗೆರೆ ಮತ್ತು ಸ್ಕೇಲು, ಬೆಳಗಾವಿ

ನಾನು ಡಿಪಿಆರ್ ಮಾಡುವ ಕಡೆಯವಳು. ಎಲ್ಲಾ ತಪ್ಪು ಕನ್ಸಲ್ಟೆಂಟ್ ತಲೆಗೆ ಬೀಳುವ ಮೊದಲು ನಮ್ಮ ಸ್ಥಿತಿ ಹೇಳಿಬಿಡುತ್ತೇನೆ. ನಮ್ಮನ್ನೂ ಕಡಿಮೆ ದರದ ಮೇಲೇ ಆರಿಸುತ್ತಾರೆ. ಸರ್ವೆ, ಮಣ್ಣು ಪರೀಕ್ಷೆ, ಹೈಡ್ರಾಲಜಿ, ನಕ್ಷೆ, ಎಸ್ಟಿಮೇಟ್ ಎಲ್ಲಾ ಸೇರಿ ನಲವತ್ತೈದು ದಿನ. ಶುಲ್ಕದಲ್ಲಿ ನಾಲ್ಕು ಬೋರ್ ಹಾಕಿಸಿದರೆ ಉಳಿಯುವುದೇನೂ ಇಲ್ಲ. ಹಳ್ಳದ ನಡುವೆ ನೀರಿದ್ದರೆ ರಿಗ್ ಇಳಿಸಲು ದಿಬ್ಬ ಕಟ್ಟಬೇಕು, ಅದರ ಖರ್ಚು ಯಾವ ಬಾಬ್ತಿನಲ್ಲೂ ಇಲ್ಲ. ಹಾಗಾಗಿ ಪಿಟ್ ದಂಡೆ ಮೇಲೇ ಬೀಳುತ್ತದೆ. ಇದು ಸಮರ್ಥನೆಯಲ್ಲ. ನಡೆಯುವುದು ಹೀಗೆ, ಅಷ್ಟೇ.

ಗುತ್ತಿಗೆದಾರರನ್ನು ಮೊದಲೇ ಕರೆಯುವುದರಲ್ಲಿ ನನಗೊಂದು ಭಯವೂ ಇದೆ. ಒಬ್ಬರ ಹತ್ತಿರ ಗರ್ಡರ್ ಎತ್ತುವ ಲಾಂಚರ್ ಇದ್ದರೆ ಅವರು ಪಿಎಸ್‌ಸಿ ಗರ್ಡರ್‌ನ ಉದ್ದ ಸ್ಪ್ಯಾನೇ (ಕಂಬದಿಂದ ಕಂಬಕ್ಕೆ ಇರುವ ಅಂತರ) ಸರಿ ಎನ್ನುತ್ತಾರೆ. ಇಲ್ಲದವರು ಹತ್ತು ಮೀಟರಿನ ಸಾಲಿಡ್ ಸ್ಲ್ಯಾಬ್ ಸಾಕು ಎನ್ನುತ್ತಾರೆ. ಎರಡಕ್ಕೂ ಕಾರಣ ಇರುತ್ತದೆ, ಎರಡರಲ್ಲೂ ಸ್ವಂತ ಲಾಭವೂ ಇರುತ್ತದೆ. ಅದನ್ನು ಬೇರ್ಪಡಿಸಿ ನೋಡುವ ಅನುಭವಿ ಇಂಜಿನಿಯರ್ ಇಲಾಖೆಯ ಪರವಾಗಿ ಕುಳಿತಿರಬೇಕು.

ಆದರೆ ನಮ್ಮ ಊರಲ್ಲೇ ಇದಕ್ಕೆ ಹತ್ತಿರದ ಒಂದು ಉದಾಹರಣೆ ಇದೆ. ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಆಯ್ದ ವಲಯಗಳಿಗೆ 2008ರಲ್ಲಿ 24 ಗಂಟೆ ನೀರು ಬಂತು. ಬೆಳಗಾವಿಯಲ್ಲಿ ಅಂಥ ಎರಡು ವಲಯ. ಅಲ್ಲಿ ಆಪರೇಟರ್‌ನನ್ನು ಮೊದಲೇ ಆರಿಸಿದರು. ಕೊಳವೆ ಜಾಲ ಹೇಗಿರಬೇಕು ಎಂಬ ವಿನ್ಯಾಸವೂ ಅವರದ್ದೇ, ಹಾಕಿಸುವ ಹೊಣೆಯೂ ಅವರದ್ದೇ, ಮುಂದೆ ಎರಡು ವರ್ಷ ನೀರು ಕೊಟ್ಟು ತೋರಿಸುವುದೂ ಅವರದ್ದೇ. ನಾಳೆ ತಾನೇ ಸೋರಿಕೆ ಹುಡುಕಬೇಕು ಎಂದು ಗೊತ್ತಿರುವವನು ಇಂದು ಜಾಯಿಂಟ್‌ಗಳನ್ನು ಕಡಿಮೆ ಮಾಡಿಯೇ ನಕ್ಷೆ ಬರೆಯುತ್ತಾನೆ. ನೀರಿನಲ್ಲಿ ಆದದ್ದು ಸೇತುವೆಯಲ್ಲಿ ಯಾಕಾಗಬಾರದು?

ಇಂಡಿ ರೋಡ್

ಪುಕ್ಕಟೆ ಯಾಕೆ ಹೇಳಬೇಕು? ನಾನು ನನ್ನ ಅನುಭವ ಸುರಿದು "ಇಲ್ಲಿ ಪ್ರೀಕಾಸ್ಟ್ ಬಾಕ್ಸ್ ಹಾಕಿ, ರಸ್ತೆ ಎರಡು ದಿನ ಮಾತ್ರ ಬಂದ್ ಆಗುತ್ತೆ" ಅಂತೀನಿ. ಅದು ಟೆಂಡರಿನಲ್ಲಿ ಬರುತ್ತೆ. ಇನ್ನೊಬ್ಬ ಹದಿನೆಂಟು ಪರ್ಸೆಂಟ್ ಬಿಲೋ (ಅಂದಾಜು ದರಕ್ಕಿಂತ ಕಡಿಮೆ) ಹಾಕಿ ಕೆಲಸ ಒಯ್ತಾನೆ. ಕೊನೆಗೆ ನನಗೇನು ಉಳೀತು? ದುಡ್ಡು ಕೊಟ್ಟು ಕೇಳಿ, ಹೇಳ್ತೀವಿ.

ಎಂ.ಟೆಕ್, ಬೆಳಗಾವಿ

ಮೇಲಿನ ಮಾತೇ ಈ ಪದ್ಧತಿಯ ಮೂಲ. ನನ್ನ ಪ್ರಾಜೆಕ್ಟ್ ಇದೇ ವಿಷಯದ ಮೇಲಿದೆ, ತಿಳಿದಿದ್ದನ್ನು ಹೇಳುತ್ತೇನೆ.

ಬ್ರಿಟನ್ನಿನಲ್ಲಿ ಬಳಸುವ ಎನ್‌ಇಸಿ ಎಂಬ ಮಾದರಿ ಕರಾರಿನಲ್ಲಿ ಎಕ್ಸ್22 ಎಂಬ ಷರತ್ತಿದೆ. 2017ರ ಎನ್‌ಇಸಿ4 ಆವೃತ್ತಿಯಲ್ಲಿ ಅದು ಮೂಲ ಪುಸ್ತಕದೊಳಗೇ ಇದೆ. ಕೆಲಸ ಎರಡು ಹಂತ. ಮೊದಲ ಹಂತದಲ್ಲಿ ಗುತ್ತಿಗೆದಾರ ವಿನ್ಯಾಸದ ಜೊತೆ ಕೂರುತ್ತಾನೆ, ಅದಕ್ಕೆ ಪ್ರತ್ಯೇಕ ಹಣ ಪಡೆಯುತ್ತಾನೆ. ಬೆಲೆ ಒಪ್ಪಿಗೆಯಾದರೆ ಎರಡನೇ ಹಂತ, ಅಂದರೆ ನಿರ್ಮಾಣ. ಬೆಲೆ ಕೈಮೀರಿದರೆ ಎರಡನೇ ಹಂತಕ್ಕೆ ಆದೇಶ ಕೊಡದೆ ಇರುವ ಅಧಿಕಾರ ಮಾಲೀಕನಿಗಿದೆ.

ಅಮೆರಿಕದಲ್ಲೂ ಇಂಥದ್ದೇ. 2012ರ ಮ್ಯಾಪ್-21 ಕಾಯ್ದೆ ಫೆಡರಲ್ ಹಣದ ಹೆದ್ದಾರಿಗಳಿಗೆ ಅದನ್ನು ಒಪ್ಪಿತು. ಅಲ್ಲಿ ಗುತ್ತಿಗೆದಾರನನ್ನು ಮುಖ್ಯವಾಗಿ ಅರ್ಹತೆ, ಅನುಭವ ನೋಡಿ ಆರಿಸುತ್ತಾರೆ. ಆತ ಬೆಲೆ ಹೇಳುವ ಹೊತ್ತಿಗೆ ಇಲಾಖೆಯ ಪರವಾಗಿ ಬೇರೊಬ್ಬ ಸ್ವತಂತ್ರ ಎಸ್ಟಿಮೇಟರ್ ಅದೇ ಕೆಲಸಕ್ಕೆ ಲೆಕ್ಕ ಕಟ್ಟಿರುತ್ತಾನೆ. ಎರಡೂ ಹೊಂದದಿದ್ದರೆ ಗುತ್ತಿಗೆದಾರನಿಗೆ ಸಲಹೆಯ ಹಣ ಕೊಟ್ಟು ಕಳಿಸಿ, ತಯಾರಾದ ನಕ್ಷೆಯನ್ನು ಎಲ್ಲರಿಗೂ ಟೆಂಡರ್ ಕರೆಯುತ್ತಾರೆ. ಒಬ್ಬನನ್ನೇ ಕರೆದರೆ ಅವನು ಹೇಳಿದ್ದೇ ಬೆಲೆ ಆಗುತ್ತದಲ್ಲ ಎಂಬ ಭಯಕ್ಕೆ ಇದು ಉತ್ತರ.

ನಮ್ಮಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸಾಮಾನ್ಯ ಸೂಚನೆಗಳಲ್ಲಿ, ಆಯ್ದ ಕಾಮಗಾರಿಗಳಿಗೆ ಗುಣಮಟ್ಟಕ್ಕೂ ಅಂಕ ಕೊಡಬಹುದು, ಅದರ ತೂಕ 30 ಪರ್ಸೆಂಟ್ ಮೀರಬಾರದು ಎಂದಿದೆ. ಅದು ಕೇಂದ್ರದ ಕೆಲಸಗಳಿಗೆ. ಆದರೆ ಎಲ್1 (ಅತಿ ಕಡಿಮೆ ದರ ಹಾಕಿದವರಿಗೇ ಕೆಲಸ) ಒಂದೇ ದಾರಿ ಅಲ್ಲ ಎಂದು ಸರ್ಕಾರವೇ ಬರೆದುಕೊಟ್ಟಿದೆ.

ತೆರಿಗೆ ಕಟ್ಟೋನು, ವಿಜಯಪುರ

ಪರ್ಸೆಂಟೇಜ್ ಮಾತು ಕೇಳಿ ಕೇಳಿ ಸಾಕಾಗಿರೋ ರಾಜ್ಯದಲ್ಲಿ ಗುತ್ತಿಗೆದಾರನನ್ನ ಇನ್ನೂ ಒಂದು ವರ್ಷ ಮೊದಲೇ ಒಳಗೆ ಬಿಡಿ ಅಂತಿದ್ದೀರಿ. ಅಮೆರಿಕದ ಕಥೆ ಇಲ್ಲಿ ನಡೆಯುತ್ತಾ? ಯಾರು ಕೂತರು, ಏನು ಮಾತಾಡಿದರು ಅಂತ ಜನರಿಗೆ ಗೊತ್ತಾಗೋದು ಹೇಗೆ? ಇದಕ್ಕೆ ಉತ್ತರ ಇಲ್ಲದೆ ನಾನು ಒಪ್ಪಲ್ಲ.

ಹಳ್ಳದ ದಂಡೆ, ಬಾಗಲಕೋಟೆ

ನಿಮ್ಮ ಸಂಶಯ ನ್ಯಾಯವಾದದ್ದು. ಒಬ್ಬನನ್ನು ಕದ ಹಾಕ್ಕೊಂಡು ಕೂರಿಸಿ ಅಂತ ನಾನು ಹೇಳ್ತಿಲ್ಲ. ಸೇತುವೆಯ ಜಾಗದಲ್ಲೇ, ಹಗಲಲ್ಲಿ, ನೋಟಿಸ್ ಹಚ್ಚಿ, ಬರೋರೆಲ್ಲಾ ಬರಲಿ. ಯಾರು ಏನು ಹೇಳಿದ್ರು ಅನ್ನೋದು ಟೆಂಡರ್ ದಾಖಲೆಯ ಜೊತೆಗೇ ಪೋರ್ಟಲ್‌ನಲ್ಲಿ ಎಲ್ಲರಿಗೂ ಕಾಣ್ಲಿ. ಎಲ್ಲರ ಮುಂದೆ ಹೇಳಿದ್ದು ಒಬ್ಬನ ಲಾಭಕ್ಕೆ ಗುಟ್ಟಾಗಿ ಉಳಿಯಲ್ಲ, ಎಇಇ ಸಾಹೇಬರು ಹೇಳಿದ ಹಿತಾಸಕ್ತಿ ತಕರಾರೂ ಸಡಿಲಾಗುತ್ತೆ. ಈಗಿನ ಪದ್ಧತಿಯಲ್ಲಿ ಗುಟ್ಟು ಎಲ್ಲಿ ಅಡಗಿದೆ ಅಂತ ಯೋಚನೆ ಮಾಡಿ. ನಕ್ಷೆಯಲ್ಲಿ ತಪ್ಪಿದೆ ಅಂತ ಮೊದಲೇ ಗೊತ್ತಿರೋನು ಸುಮ್ಮನಿದ್ದು ಬಿಲೋ ಹಾಕ್ತಾನೆ, ಆಮೇಲೆ ಎಕ್ಸ್‌ಟ್ರಾ ಐಟಂನಲ್ಲಿ ಎತ್ತಿಕೊಳ್ತಾನೆ. ತಪ್ಪು ಹೇಳಿದವನಿಗೆ ಏನೂ ಸಿಗದ, ಮುಚ್ಚಿಟ್ಟವನಿಗೆ ದುಡ್ಡು ಸಿಗೋ ಪದ್ಧತಿ ಇದು. ನನಗೆ ಎಲ್ಲಕ್ಕಿಂತ ನೋವು ಇದರದ್ದೇ.

ನಮ್ಮ ಭಾಗಕ್ಕೆ ಇದು ಯಾಕೆ ಇನ್ನೂ ಮುಖ್ಯ ಅಂದ್ರೆ, ಇಲ್ಲಿ ನೀರು ಮತ್ತು ಮಣ್ಣು ಎರಡೂ ಕ್ಯಾಲೆಂಡರ್ ಇಟ್ಕೊಂಡಿವೆ. ಆಲಮಟ್ಟಿ ಜಲಾಶಯ 519.60 ಮೀಟರ್ ತುಂಬಿದಾಗ ಹಿನ್ನೀರು ಕೃಷ್ಣಾ, ಘಟಪ್ರಭಾಕ್ಕೆ ಸೇರೋ ಹಳ್ಳಗಳ ಬಾಯಿಗೆಲ್ಲಾ ಹತ್ತುತ್ತೆ. ಮಳೆ ನಿಂತ್ರೂ ನೀರು ತಿಂಗಳುಗಟ್ಟಲೆ ಅಲ್ಲೇ ನಿಂತಿರುತ್ತೆ. ಅಂಥ ಜಾಗದಲ್ಲಿ ಫೌಂಡೇಶನ್‌ಗೆ ಸಿಗೋದು ಫೆಬ್ರುವರಿಯಿಂದ ಮೇ, ನಾಲ್ಕೇ ತಿಂಗಳು. ವರ್ಕ್ ಆರ್ಡರ್ ಮೇ ತಿಂಗಳಲ್ಲಿ ಬಂತು ಅಂದ್ರೆ ಹನ್ನೆರಡು ತಿಂಗಳ ಅವಧಿಯಲ್ಲಿ ಮೊದಲ ಒಂಬತ್ತು ನೀರು ನೋಡ್ತಾ ಕೂತಿರೋದೇ. ಅದೇ ಆರ್ಡರ್ ನವೆಂಬರ್‌ನಲ್ಲಿ ಬಂದ್ರೆ ಅದೇ ಹನ್ನೆರಡು ತಿಂಗಳಲ್ಲಿ ಸೇತುವೆ ನಿಲ್ಲುತ್ತೆ. ಇದಕ್ಕೆ ಒಂದು ರೂಪಾಯಿ ಹೆಚ್ಚು ಬೇಕಿಲ್ಲ, ಕಟ್ಟೋನನ್ನ ಕೇಳಿದ್ರೆ ಸಾಕು. ಮುಂದೆ ಜಲಾಶಯ 524.256 ಮೀಟರಿಗೆ ಏರೋದಿದೆ. ಇವತ್ತು ಹಾಕೋ ಡೆಕ್ ಮಟ್ಟ, ಅಪ್ರೋಚ್ ಏರಿ ಎಲ್ಲಾ ಆ ಲೆಕ್ಕ ಹಿಡಿದೇ ಇರಬೇಕು. ಆ ಏರಿಗೆ ಬೇಕಾದ ಅಷ್ಟು ಮಣ್ಣು ಎಲ್ಲಿಂದ ತರ್ತೀರಿ ಅನ್ನೋದು ನಕ್ಷೆಯಲ್ಲಿ ಇರಲ್ಲ, ಟಿಪ್ಪರ್ ಓಡಿಸೋನ ತಲೇಲಿ ಇರುತ್ತೆ.

ನಿವೃತ್ತ ಎಇಇ, ವಿಜಯಪುರ

ಮಣ್ಣಿನ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಎರೆಭೂಮಿಯಲ್ಲಿ ಕಾಲುವೆಗೆ ನೇರವಾಗಿ ಕಾಂಕ್ರೀಟ್ ಲೈನಿಂಗ್ ಹಾಕಿದರೆ, ನೀರು ಕುಡಿದ ಮಣ್ಣು ಉಬ್ಬಿ ಚಪ್ಪಡಿಯನ್ನೇ ಎತ್ತಿಬಿಡುತ್ತದೆ. ಅದಕ್ಕೆ ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರು ಸಿಎನ್‌ಎಸ್ ಪದರದ ಪದ್ಧತಿ ರೂಪಿಸಿದರು. ಅಂದರೆ ಉಬ್ಬದ, ಆದರೆ ಅಂಟಿನ ಗುಣವಿರುವ ಮಣ್ಣನ್ನು ಲೈನಿಂಗ್ ಕೆಳಗೆ ದಪ್ಪನಾಗಿ ಹಾಸಿ ಗಟ್ಟಿ ಮಾಡುವುದು. ಐಎಸ್ 9451ರಲ್ಲಿ ಇದರ ಮಾರ್ಗಸೂಚಿ ಇದೆ. ಪದರದ ದಪ್ಪ ಎಷ್ಟಿರಬೇಕೆಂಬುದು ಮಣ್ಣು ಉಬ್ಬುವ ಒತ್ತಡದ ಮೇಲೆ ನಿಲ್ಲುತ್ತದೆ.

ನನ್ನ ಕೈಕೆಳಗಿನ ಒಂದು ಕಾಲುವೆಯಲ್ಲಿ ಸಿಎನ್‌ಎಸ್ ಮಣ್ಣಿಗೆ ಐದು ಕಿಲೋಮೀಟರ್ ಲೀಡ್ (ಮಣ್ಣು ಸಾಗಿಸುವ ದೂರ) ಹಿಡಿದಿತ್ತು. ಕೆಲಸ ಶುರುವಾದಾಗ ಆ ಗುಡ್ಡದ ಮಣ್ಣು ಬೇರೆ ರಸ್ತೆಗೆ ಎಂದೋ ಖಾಲಿಯಾಗಿತ್ತು. ಪರೀಕ್ಷೆಯಲ್ಲಿ ಪಾಸಾಗುವ ಮಣ್ಣು ಸಿಕ್ಕಿದ್ದು ಇಪ್ಪತ್ತೆರಡು ಕಿಲೋಮೀಟರ್ ದೂರದಲ್ಲಿ. ಎಸ್‌ಆರ್ (ಇಲಾಖೆಯ ದರಪಟ್ಟಿ) ದರದಲ್ಲಿ ಲೀಡ್ ವ್ಯತ್ಯಾಸವೊಂದೇ ಇಡೀ ಎಸ್ಟಿಮೇಟನ್ನು ಅಲುಗಾಡಿಸಿತು. ಗುತ್ತಿಗೆದಾರ ಕೆಂಪು ಮಣ್ಣು ಎಂದು ಸಿಕ್ಕಿದ್ದನ್ನು ತಂದು ಹಾಕಲು ನೋಡಿದ, ನಾನು ತಡೆದೆ, ಅವನು ಕೋರ್ಟಿಗೆ ಹೋದ. ಆ ಸೀಮೆಯಲ್ಲಿ ಮುರುಮ್ ಹೊಡೆಯುವ ಯಾರನ್ನಾದರೂ ಡಿಪಿಆರ್ ಮಾಡುವಾಗ ಜೀಪಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಇದನ್ನು ಬರೆಯುತ್ತ ನನ್ನ ಮೊದಲಿನ ಉತ್ತರದ ಬಗ್ಗೆ ಮತ್ತೆ ಯೋಚಿಸಿದೆ.

ಎರಡು ಹಂತದ ಕರಾರಿಗೆ ರಾಜ್ಯದ ನಿಯಮದಲ್ಲೇ ಸ್ಪಷ್ಟ ಜಾಗ ಬೇಕು, ಅದು ಕೆಳಗಿನ ಇಂಜಿನಿಯರ್ ಕೈಯಲ್ಲಿಲ್ಲ. ಆದರೆ ತಾಂತ್ರಿಕ ಮಂಜೂರಾತಿಗೆ ಮೊದಲು, ಕರಡು ನಕ್ಷೆ ಇಟ್ಟುಕೊಂಡು ಜಾಗದಲ್ಲೇ ಬಹಿರಂಗ ಸಭೆ ಕರೆಯಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ನಾನು ಸೇವೆಯಲ್ಲಿದ್ದರೆ ಮಾಡುತ್ತಿದ್ದೆ. ಯಾವ ಪಿಯರ್ ಎಲ್ಲಿ ಬರುತ್ತದೋ ಅಲ್ಲೇ ಪಿಟ್ ತೋಡಿ, ಎಲ್ಲರೂ ಮಣ್ಣು ಮುಟ್ಟಿ ನೋಡಲಿ. ಪಿಟ್ ಖರ್ಚು ಡಿಪಿಆರ್ ಶುಲ್ಕದಿಂದ ಬೇರೆಯಾಗಿ, ಅಳತೆ ಪ್ರಕಾರ ಕೊಡಬೇಕು. ಬೆಳಗಾವಿಯ ತಂಗಿ ಹೇಳಿದ ಕಷ್ಟ ಅಲ್ಲಿಗೆ ತೀರುತ್ತದೆ.

ಇಂಡಿ ರೋಡ್

ಸಭೆಗೆ ಬಂದವರ ದಿನದ ಖರ್ಚಾದರೂ ಕೊಟ್ರೆ ನಾನೂ ಬರ್ತೀನಿ, ನಮ್ಮ ಬಾರ್ ಬೆಂಡರ್‌ನೂ ಕರ್ಕೊಂಡು ಬರ್ತೀನಿ. ಅವನು ನನಗಿಂತ ಚೆನ್ನಾಗಿ ಓದ್ತಾನೆ ಡ್ರಾಯಿಂಗ್.

ತೆರಿಗೆ ಕಟ್ಟೋನು, ವಿಜಯಪುರ

ಬಹಿರಂಗ ಸಭೆ, ನಡಾವಳಿ ಪೋರ್ಟಲ್‌ನಲ್ಲಿ, ಇಷ್ಟು ಇದ್ರೆ ನನ್ನ ವಿರೋಧ ಇಲ್ಲ. ಎರಡು ಹಂತದ ಕರಾರು ಮಾತ್ರ ಇನ್ನೂ ಒಪ್ಪಿಲ್ಲ. ಆ ಸ್ವತಂತ್ರ ಎಸ್ಟಿಮೇಟರ್‌ನ ಯಾರು ನೇಮಿಸ್ತಾರೆ ಅಂತ ತಿಳಿಯೋ ತನಕ ಕೇಳ್ತಾನೇ ಇರ್ತೀನಿ.

ಗೆರೆ ಮತ್ತು ಸ್ಕೇಲು, ಬೆಳಗಾವಿ

ಕೇಳಲೇಬೇಕಾದ ಪ್ರಶ್ನೆ. ಸದ್ಯಕ್ಕೆ ನಾನು ಒಂದು ಮಾಡಬಲ್ಲೆ. ಈಗ ನನ್ನ ಮೇಜಿನ ಮೇಲೆ ಜಮಖಂಡಿ ಸೀಮೆಯ ಒಂದು ಸಣ್ಣ ಸೇತುವೆಯ ಕರಡು ಇದೆ. ಪ್ರವಾಹ ಮಟ್ಟಕ್ಕೆ ಲೆಕ್ಕದ ಉತ್ತರ ಇದೆ, ಆದರೆ 2019ರ ಆಗಸ್ಟಿನ ನೀರು ನಿಜವಾಗಿ ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತು ನನಗೆ ಬೇಕು. ಈ ಭಾನುವಾರ ಲೆವೆಲ್ ಮಷೀನ್ ಹಿಡಿದು ಬರುತ್ತೇನೆ. ಹಳ್ಳದ ದಂಡೆಯವರೇ, ನೀವೂ ಬರುತ್ತೀರಾ? ಪಿಯರ್ ಜಾಗ ನೋಡಿ, ಎಲ್ಲಿ ಪಿಟ್ ತೋಡಬೇಕೆಂದು ಹೇಳಿ. ಆ ಟೆಂಡರಿನಲ್ಲಿ ನೀವು ಭಾಗವಹಿಸುವುದಿದ್ದರೆ ಮಾತ್ರ ಬರಬೇಡಿ, ಮೊದಲೇ ತಿಳಿಸಿ.

ಹಳ್ಳದ ದಂಡೆ, ಬಾಗಲಕೋಟೆ

ಆ ಟೆಂಡರ್ ನಾನು ಹಾಕಲ್ಲ, ಇಲ್ಲೇ ಬರೆದುಕೊಡ್ತೀನಿ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿರ್ತೀನಿ. ಆ ಹಿಟಾಚಿ ಆಪರೇಟರ್‌ನ್ನೂ ಕೇಳಿ ನೋಡ್ತೀನಿ.

ಕಬ್ಬಿನ ಹೊಲ, ಜಮಖಂಡಿ

ಅಕ್ಕಾರ, 2019ರ ನೀರಿನ ಗುರುತು ನಮ್ಮ ಪಂಪ್‌ಸೆಟ್ ಮನಿ ಗ್ವಾಡಿ ಮ್ಯಾಲ ಹಂಗ ಐತಿ. ನೀರು ಇಳದ ದಿನಾ ನಮ್ಮಪ್ಪ ಮೊಳಿ ಹೊಡದು ಗುರ್ತು ಮಾಡ್ಯಾನ. ಸುಣ್ಣ ಹಚ್ಚಿದ್ರೂ ಆ ಮೊಳಿ ಕಿತ್ತಿಲ್ಲ. ಸೀದಾ ಡೈವರ್ಶನ್ ರಸ್ತಾ ಹಿಡದು ಬರ್ರಿ, ಬೇವಿನ ಗಿಡದ ಹಂತ್ಯಾಕ ಎಡಕ್ಕ ಹೊಳ್ಳ್ರಿ. ನಾ ಅಲ್ಲೇ ನಿಂತಿರ್ತೀನಿ.